ಸುಗ್ರಾಬಿಯ ಇಪ್ಪತ್ತು ಸೂಜಿ

ಹರಿಹರದ ಸುಗ್ರಾಬಿ ಕೌದಿ ಹೊಲಿಯುವವಳು. ಹಳೆಯ ಸೀರೆ, ಪಂಚೆ ಕೊಟ್ಟರೆ ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಕ್ಕೆ ಸಾಲು ಹಿಡಿದು ಬರುವಳು. ಅತ್ತ ಗುತ್ತೂರಿನವರೆಗೆ ಬಾಣಂತಿಯರಿಗೆ ಅವಳ ಕೌದಿಯೇ ಬೇಕು. ಐವತ್ತು ದಾಟಿದ ಮೇಲೆ ಅವಳಿಗೆ ಸೂಜಿಯ ಕಣ್ಣು ಕಾಣದಾಯಿತು. ಪಕ್ಕದ ಮನೆಯ ಹೊನ್ನಕ್ಕ ದಿನಾ ಬೆಳಿಗ್ಗೆ ಕೂಲಿಗೆ ಹೋಗುವ ಮೊದಲು ಇಪ್ಪತ್ತು ಸೂಜಿ ಪೋಣಿಸಿ ಅವಳ ಸೆರಗಿಗೆ ಚುಚ್ಚಿ ಹೋಗುತ್ತಿದ್ದಳು. ಇಪ್ಪತ್ತೂ ಮುಗಿದರೆ, ಹೊತ್ತು ನೆತ್ತಿಯ ಮೇಲಿದ್ದರೂ, ಸುಗ್ರಾಬಿಯ ದಿನ ಮುಗಿಯಿತು. ಆ ಹೊನ್ನಕ್ಕ ಗಂಡನ ಜೊತೆ ಭದ್ರಾವತಿಗೆ ಹೊರಟು ನಿಂತಿದ್ದಳು. ಅವಳು ಹೋದರೆ ಸೂಜಿ ಪೋಣಿಸುವವರಿಲ್ಲ, ಕೌದಿಯೂ ಇಲ್ಲ.

ಇದು ೧೯೬೧ರ ಮಾತು. ಆಗ ದಾವಣಗೆರೆಯ ಒಂದು ಸೇವಾ ಕ್ಲಬ್ಬಿನವರು ಪತ್ರಿಕೆಗೆ ಬರೆಯುವ ನನ್ನನ್ನು ಸಭೆಗೆ ಕರೆದಿದ್ದರು. ಅರಳೆ ಮಂಡಿಯ ಮಹಡಿ, ಬಿಳಿ ಹಾಸು, ಗೋಡೆ ತುಂಬ ಹಾರ ಹಾಕಿಕೊಂಡವರ ಫೋಟೋ. ಸೇವೆ ಮಾಡಿಸಿಕೊಂಡವರ ಫೋಟೋ ಒಂದೂ ಇರಲಿಲ್ಲ. ಅದನ್ನು ಹೇಳಿಯೇಬಿಟ್ಟೆ.

ಅಧ್ಯಕ್ಷ ಹಾಲೇಶಪ್ಪ, ಅರಳೆ ವ್ಯಾಪಾರಿ, ನಕ್ಕರು. "ನಿಮ್ಮ ಪೆನ್ನಿಗೆ ಮೆಣಸಿನಕಾಯಿ ಅರೆದು ಹಾಕ್ತೀರೇನ್ರಿ? ನಾಳೆ ಹರಿಹರಕ್ಕೆ ಬರ್ರಿ, ನೋಡಿ ಬರೀರಿ."

ಊರಿನ ಮನೆ ಮನೆ ತಿರುಗಿ, ಬಳಸದ ಕನ್ನಡಕಗಳನ್ನು ಕ್ಲಬ್ಬಿನವರು ಬಡವರಿಗೆ ಹಂಚಲೆಂದು ಬುಟ್ಟಿ ತುಂಬ ಕೂಡಿಸಿದ್ದರು. ಅದಕ್ಕಾಗಿ ಬಿಸಿಲಲ್ಲಿ ಅಲೆದವರು ನಿವೃತ್ತ ಮೇಷ್ಟ್ರು ಶಿವಯೋಗಪ್ಪ. ಒಳ್ಳೆಯ ಮನುಷ್ಯ, ಅದನ್ನು ಒಪ್ಪದಿದ್ದರೆ ನನ್ನ ನಾಲಿಗೆಗೆ ಹುಳ ಬೀಳಲಿ.

ಮರುದಿನ ಹರಿಹರದ ಶಾಲೆಯ ಜಗಲಿಯಲ್ಲಿ ಮೇಷ್ಟ್ರು ಅಕ್ಷರದ ಹಲಗೆ ಹಿಡಿದು ಕೂತರು. ಓದಿದವನಿಗೆ ಒಂದು ಕನ್ನಡಕ. ಓದದೆ ಸುಮ್ಮನಾದವನಿಗೆ ಇನ್ನೂ ದಪ್ಪನೆಯದು. ಮಧ್ಯಾಹ್ನದ ಹೊತ್ತಿಗೆ ಸುಗ್ರಾಬಿಯ ಸರದಿ ಬಂತು.

"ಮೇಲಿನ ಸಾಲು ಹೇಳು, ಬೂಬಮ್ಮ."

ಅವಳು ಸುಮ್ಮನಿದ್ದಳು.

"ಕಾಣಲ್ಲೇನು?"

"ಏನೋ ಕಪ್ಪಗೆ ಕಾಣ್ತೈತ್ರಿ."

ಮೇಷ್ಟ್ರು ಗಾಜು ಬದಲಿಸಿದರು. ಮತ್ತೆ ಮೌನ. ಮತ್ತೆ ಬದಲಿಸಿದರು. ಕೊನೆಗೆ ಬುಟ್ಟಿಯಲ್ಲೇ ಅತ್ಯಂತ ದಪ್ಪನೆಯದನ್ನು ಮೂಗಿಗೇರಿಸಿ, "ಕಣ್ಣು ಭಾಳ ಕೆಟ್ಟೈತೆ" ಎಂದರು. ಸುಗ್ರಾಬಿ ಎದ್ದಳು, ಮೆಟ್ಟಿಲು ತಪ್ಪಿದಳು, ಕಂಬ ಹಿಡಿದು ನಿಂತಳು. ಕನ್ನಡಕ ತೆಗೆದು ತಿರುಗಿ ಬಂದಳು.

"ಇದು ಬ್ಯಾಡ್ರಿ ಮೇಷ್ಟ್ರೆ. ಇದ್ರಾಗೆ ನನ್ನ ಕೈನೇ ನನಗೆ ಕಾಣಲ್ಲ."

"ಅಕ್ಷರ ಒಂದೂ ಹೇಳಲಿಲ್ಲವಲ್ಲ ನೀನು?"

"ಕಲ್ತಿದ್ರೆ ಹೇಳ್ತಿದ್ದೆ. ಇಷ್ಟು ಮಂದಿ ಎದುರಿಗೆ ಅದನ್ನ ಹೆಂಗೆ ಅನ್ಲಿ?" ಸೆರಗಿನಿಂದ ಬರಿಯ ಸೂಜಿಯೊಂದನ್ನು ಕಿತ್ತು ಮುಂದೆ ಹಿಡಿದಳು. "ಇದ್ರ ಕಣ್ಣು ಕಾಣ್ಸೋದು ಕೊಡ್ರಿ. ಸಾಕು."

ನನಗೆ ಕೂಗಾಡುವಷ್ಟು ಸಿಟ್ಟು ಬಂದಿತ್ತು. ಕೂಗಲಿಲ್ಲ, ಏಕೆಂದರೆ ಮೇಷ್ಟ್ರ ಮುಖ ಅಷ್ಟರಲ್ಲೇ ಇಳಿದುಹೋಗಿತ್ತು. ನಲವತ್ತು ವರ್ಷ ಅಕ್ಷರ ಕಲಿಸಿದವರು; ಅದು ಬಾರದವರು ಎದುರಿಗೆ ಕೂತಿದ್ದಾರೆಂದು ಅವರಿಗೆ ಹೊಳೆದಿರಲೇ ಇಲ್ಲ. ಹಲಗೆಯನ್ನು ಬೋರಲು ಹಾಕಿ, ಅವಳೆದುರು ನೆಲಕ್ಕೇ ಕೂತರು. ಒಂದೊಂದೇ ಕನ್ನಡಕ ತೆಗೆದು ಕೊಟ್ಟರು. ಎಂಟನೆಯದು ಹಾಲೇಶಪ್ಪನವರ ತಾಯಿಯದು, ಒಂದು ಕಡ್ಡಿಗೆ ನೂಲು ಸುತ್ತಿದ್ದು. ಸುಗ್ರಾಬಿ ದಾರದ ತುದಿಯನ್ನು ತುಟಿಗಿಟ್ಟು ಹೊಸೆದಳು. ದಾರ ಸೂಜಿಯ ಕಣ್ಣಿನಲ್ಲಿ ಹಾದುಹೋಯಿತು. ಅದನ್ನು ಎಳೆದು ತೆಗೆದು ಮತ್ತೊಮ್ಮೆ ಪೋಣಿಸಿದಳು.

"ಯಾಕ ತೆಗೆದ್ಯವ್ವ?" ಎಂದರು ಪಕ್ಕದಲ್ಲೇ ನಿಂತಿದ್ದ ಹಾಲೇಶಪ್ಪ.

"ಸುಮ್ನೆ ರೀ."

ಯಾರಿಗೆ ಯಾವ ಗಾಜೆಂದು ಬರೆದಿದ್ದ ಪಟ್ಟಿಯನ್ನು ಮೇಷ್ಟ್ರು ತೆಗೆದರು. ಬೆಳಿಗ್ಗೆಯಿಂದ ಹೀಗೆ ಸುಮ್ಮನಿದ್ದು, ದಪ್ಪ ಗಾಜು ಹೊತ್ತು ಹೋದವರೆಷ್ಟು ಮಂದಿ? ಪಟ್ಟಿಯಲ್ಲಿ ಹದಿನೇಳು ಹೆಸರು ಸಿಕ್ಕಿತು. ಹೆಸರಿತ್ತು, ಮನೆಯ ಗುರುತಿರಲಿಲ್ಲ. ಸಂಜೆ ಫೋಟೋ ತೆಗೆಯಲೆಂದು ಕರೆಸಿದ್ದ ಫೋಟೋಗ್ರಾಫರನನ್ನು ಹಾಲೇಶಪ್ಪ ಹಿಂದಕ್ಕೆ ಕಳಿಸಿದರು. ನಾನು ಅವರ ಬಗ್ಗೆ ಬರೆಯಬೇಕೆಂದಿದ್ದ ಅರ್ಧ ಬೈಗುಳ ಅಲ್ಲೇ ಉದುರಿತು. ಉಳಿದರ್ಧ ಇನ್ನೂ ಇದೆ, ಏಕೆಂದರೆ ಸೂಜಿ ಹಿಡಿದು ಸುಗ್ರಾಬಿ ತಿರುಗಿ ಬರದಿದ್ದರೆ ಅವರು ಸಂಜೆ ಖುಷಿಯಿಂದಲೇ ಮನೆಗೆ ಹೋಗುತ್ತಿದ್ದರು.

"ಮನೆ ನಾನು ತೋರಿಸ್ತೀನಿ," ಎಂದಳು ಸುಗ್ರಾಬಿ. "ಎಲ್ಲಾರ ಮನ್ಯಾಗೂ ನನ್ನ ಕೌದಿ ಅದಾವ."

ಮುಂದಿನ ಎರಡು ದಿನ ಓಣಿ ಓಣಿಯಲ್ಲಿ ಅವಳು ಮುಂದೆ, ಬುಟ್ಟಿ ಹೊತ್ತ ಹಾಲೇಶಪ್ಪ ಹಿಂದೆ. ಹದಿನಾಲ್ಕು ಮಂದಿ ಸಿಕ್ಕರು. ಮೂವರು ಸಿಗಲೇ ಇಲ್ಲ. ಸಂತೆಗೆ ಬಂದು ಹೋದವರಿರಬೇಕು. ಆ ಮೂವರ ಹೆಸರನ್ನು ಮೇಷ್ಟ್ರು ತಮ್ಮ ಅಂಗಿಯ ಜೇಬಿನಲ್ಲಿಟ್ಟುಕೊಂಡರು.

ಕೊನೆಯ ಮನೆ ಕೊಟ್ರವ್ವನದು. ಇಷ್ಟು ಜನರನ್ನು ಕಂಡು ಮುದುಕಿ ಗಾಬರಿಯಾಗಿ ಗೋಡೆಗೆ ಒರಗಿದಳು. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಸುಗ್ರಾಬಿ ಸೂಜಿ, ದಾರ ಅವಳ ಕೈಗಿಟ್ಟಳು.

"ಓದೋದೇನಿಲ್ಲ, ಕೊಟ್ರವ್ವ. ಪೋಣಿಸು."