ಟೆಂಪೋ ಏರಿದ ಅಂತರಿಕ್ಷ ನಿಲ್ದಾಣ

ಅಹಮದಾಬಾದಿನಿಂದ ಹೊರಟಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ನವೆಂಬರಿನ ಚಳಿ ಆಗಷ್ಟೇ ಶುರುವಾಗಿತ್ತು. ಟೆಂಪೋದ ಹಿಂಭಾಗದಲ್ಲಿ ನಮ್ಮ ಕನ್ನಡ ಸಂಘ ತಯಾರಿಸಿದ ಅಂತರಿಕ್ಷ ನಿಲ್ದಾಣದ ಒಂದು ಕೋಣೆ ಹಳೇ ಬೆಡ್‌ಶೀಟು ಹೊದ್ದು ಕೂತಿತ್ತು. ಬಿದಿರಿನ ಚೌಕಟ್ಟು, ರಟ್ಟಿನ ಗೋಡೆ, ಮೇಲೆ ಬೆಳ್ಳಿ ಕಾಗದ. ಚಾಲಕ ರಮೇಶಭಾಯಿ ಅದನ್ನೊಮ್ಮೆ ಸುತ್ತಿ ಬಂದು, "ಸಾಹೇಬ್, ಶಾದಿ ಕಾ ಮಂಡಪ್ ಹೈ ಕ್ಯಾ?" ಎಂದು ಕೇಳಿದ. ಮದುವೆ ಮಂಟಪವಲ್ಲವೆಂದು ತಲೆಯಾಡಿಸಿ ನಾನು ಗತ್ತಿನಿಂದ "ಸ್ಪೇಸ್ ಸ್ಟೇಷನ್" ಎಂದೆ. ಅವನು "ಅಚ್ಛಾ" ಎಂದು ಹಗ್ಗವನ್ನು ಇನ್ನೊಂದು ಸುತ್ತು ಬಿಗಿದ.

ನಮ್ಮ ದೇಶದವನೊಬ್ಬ ರಷ್ಯನ್ನರ ನಿಲ್ದಾಣದಲ್ಲಿದ್ದು ಬಂದ ಮರುವರ್ಷ ಅದು. ಅಮೆರಿಕದವರು ಯುರೋಪು, ಜಪಾನು, ಕೆನಡಾಗಳನ್ನು ಕರೆದು, ಎಲ್ಲರೂ ಸೇರಿ ಮನುಷ್ಯರು ವಾಸಿಸುವ ಒಂದು ನಿಲ್ದಾಣ ಕಟ್ಟೋಣ ಎನ್ನುತ್ತಿದ್ದರು. ವಿಮಾ ಕಚೇರಿಯಲ್ಲಿ ಕೂತು ಪತ್ರಿಕೆ ಓದುವ ನನಗೆ ಇದರಿಂದ ತಲೆಗೊಂದು ಹುಳ ಹೊಕ್ಕಿತು. ಅಹಮದಾಬಾದ್, ವಡೋದರಾ, ಸುರತ್, ಮೂರೂ ಊರಿನ ಕನ್ನಡ ಸಂಘಗಳು ಒಂದೊಂದು ಕೋಣೆ ಕಟ್ಟಿ, ಸುರತ್ತಿನ ರಾಜ್ಯೋತ್ಸವದ ವೇದಿಕೆಯಲ್ಲಿ ಜೋಡಿಸಿದರೆ ಹೇಗೆ? ನಕ್ಷೆ ನನ್ನದೇ. ಪ್ರತಿ ಕೋಣೆಗೂ ಹಿಂದೆ ಮುಂದೆ ಮೂರಡಿಯ ದುಂಡನೆಯ ಬಾಗಿಲು, ಅಷ್ಟೇ ನಿಯಮ.

ವಡೋದರಾದಲ್ಲಿರುವ ನನ್ನ ಅಕ್ಕನ ಮಗಳು, ಹತ್ತು ವರ್ಷದ ರಶ್ಮಿ, ಮೊದಲ ಕೋಣೆಗೆ ನುಗ್ಗಿ ಒಳಗಿಂದೊಳಗೇ ಮೂರನೆಯದಕ್ಕೆ ಹೋಗಿ, ಒಂದೊಂದರಲ್ಲೂ ಒಂದು ಕನ್ನಡ ವಾಕ್ಯ ಹೇಳಬೇಕಿತ್ತು. ಗುಜರಾತಿಯನ್ನು ಅರಳು ಹುರಿದಂತೆ ಮಾತಾಡುವ ಆ ಹುಡುಗಿಗೆ ಕನ್ನಡ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅಕ್ಕ ತಿಂಗಳಿಡೀ ಕೂರಿಸಿಕೊಂಡು ಮೂರು ವಾಕ್ಯ ಬಾಯಿಪಾಠ ಮಾಡಿಸಿದ್ದಳು.

ಈಗ ನಾಚಿಕೆಯ ಮಾತು. ನಮ್ಮ ಕೋಣೆಗೆ ಹಿಂದಿನ ಬಾಗಿಲೇ ಇರಲಿಲ್ಲ. ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಗೋಡೆ ಅದು. ಖಾಲಿ ಬಿಡುವುದು ಹೇಗೆಂದು ಸಂಘದವರು ಅಲ್ಲಿ ಕರ್ನಾಟಕದ ನಕ್ಷೆ ಬರೆಸಿ, ಕೆಳಗೆ ಪದಾಧಿಕಾರಿಗಳ ಹೆಸರು ಹಾಕಿಸಿದ್ದರು. ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ, "ಪರಿಕಲ್ಪನೆ: ಶ್ರೀಧರಮೂರ್ತಿ". ಆ ಶ್ರೀಧರಮೂರ್ತಿ, ಎಂದರೆ ನಾನೆಂಬ ಮಹಾಶಯ, ಅದನ್ನು ಕಂಡು ಒಳಗೊಳಗೇ ಹಿಗ್ಗಿ ಬಾಯಿ ಮುಚ್ಚಿಕೊಂಡಿದ್ದ. ಸುರತ್ತಿಗೆ ಹೋದ ಮೇಲೆ ಕೊರೆದರಾಯಿತು ಎಂದುಕೊಂಡಿದ್ದೆ.

ನಡಿಯಾದಿನಲ್ಲಿ ಚಹಾ ಕುಡಿದು, ನೂರು ಚಿಲ್ಲರೆ ಕಿಲೋಮೀಟರು ದಾಟಿ ವಡೋದರಾದ ಆಲ್ಕಾಪುರಿಗೆ ಬಂದೆವು. ಅಕ್ಕನ ಮನೆಯಲ್ಲಿ ಬಿಸಿ ಉಪ್ಪಿಟ್ಟು ಕಾದಿತ್ತು. ಭಾವ ಬ್ಯಾಂಕಿನ ಮ್ಯಾನೇಜರು, ಅಲ್ಲಿನ ಸಂಘದ ಕಾರ್ಯದರ್ಶಿ. ಅವರ ಕೋಣೆಯೂ ಬಟ್ಟೆ ಹೊದ್ದು ಅಂಗಳದಲ್ಲಿ ನಿಂತಿತ್ತು.

"ಈಗಲೇ ಬಟ್ಟೆ ಎತ್ತಬೇಡ ಕಣಯ್ಯಾ, ಸುರತ್‌ನಲ್ಲೇ ನೋಡುವೆಯಂತೆ" ಎಂದರು ಭಾವ.

ಟೆಂಪೋಗೆ ಏರಿಸುವಾಗ ಗಾಳಿಗೆ ಬಟ್ಟೆ ಹಾರಿತು. ಹಿಂಗೋಡೆಯ ತುಂಬ ಭುವನೇಶ್ವರಿಯ ಪಟ. ಬಾಗಿಲಿಲ್ಲ. ತಿರುಗಿದರೆ, ಭಾವ ನಮ್ಮ ಕೋಣೆಯ ಬೆಡ್‌ಶೀಟಿನ ತುದಿ ಹಿಡಿದು ನನ್ನ ಹೆಸರನ್ನೇ ಓದುತ್ತಿದ್ದರು. ನಾನು ಬಾಯಿಬಿಟ್ಟರೆ ಮೊದಲು ನಿನ್ನದು ಕೊರಿ ಎನ್ನುತ್ತಾರೆ. ಅವರು ಬಾಯಿಬಿಟ್ಟರೆ ನಾನೂ ಅದನ್ನೇ ಅನ್ನುತ್ತೇನೆ. "ಹೊರಡೋಣವೇ?" ಎಂದರು. "ಹೊರಡೋಣ" ಎಂದೆ.

ತನ್ನ ಅತ್ತೆಗೆ ಮೈ ಹುಷಾರಿಲ್ಲದ್ದರಿಂದ ಅಕ್ಕ ಬರಲಿಲ್ಲ. ರಶ್ಮಿ ನಮ್ಮಿಬ್ಬರ ನಡುವೆ ಕೂತು ತುಟಿ ಅಲ್ಲಾಡಿಸುತ್ತ ವಾಕ್ಯ ಒಪ್ಪಿಸಿಕೊಳ್ಳುತ್ತಿದ್ದಳು. ಭರೂಚಿನಲ್ಲಿ ಉಪ್ಪುಗಡಲೆಕಾಯಿ ಕೊಂಡು ನರ್ಮದೆಯ ಸೇತುವೆ ದಾಟುವಾಗ ಕೇಳಿದಳು: "ಮಾಮಾ, ಸ್ಪೇಸ್‌ನಲ್ಲಿ ಬಾಹರ್ ಹೋದ್ರೆ ಏನ್ ಆಗತ್ತೆ?"

"ಹೊರಗೆ ಗಾಳಿಯೇ ಇಲ್ಲ ಕಣೇ, ಉಸಿರು ಕಟ್ಟತ್ತೆ. ಅದಕ್ಕೇ ಒಳಗಿಂದ ಒಳಗೇ ಹೋಗ್ಬೇಕು" ಎಂದೆ, ಮೇಷ್ಟರ ಧಾಟಿಯಲ್ಲಿ. ಭಾವ ಕಿಟಕಿಯಾಚೆ ನದಿ ನೋಡತೊಡಗಿದರು.

ಮಧ್ಯಾಹ್ನ ಸುರತ್ತಿನ ಕತಾರ್‌ಗಾಮ್ ತಲುಪಿದೆವು. ಸಭಾಂಗಣದ ಪಕ್ಕದ ಕಾರ್ಖಾನೆಗಳಲ್ಲಿ ವಜ್ರ ಉಜ್ಜುವ ಚಕ್ರಗಳ ಸದ್ದು. ಅಲ್ಲಿನ ಸಂಘದ ಅಧ್ಯಕ್ಷರು ಉಡುಪಿ ಹೋಟೆಲಿನ ವಾಸುದೇವ ರಾಯರು. "ಬನ್ನಿ ಮಾರಾಯ್ರೆ, ಮೊದಲು ಊಟ. ಆಕಾಶ ಎಲ್ಲಿಗೂ ಓಡಿ ಹೋಗುದಿಲ್ಲ" ಎಂದು ಎಲೆ ಹಾಕಿಸಿದರು. ಉಂಡು ವೇದಿಕೆಗೆ ಬಂದರೆ ಅವರ ಕೋಣೆಯನ್ನು ಬಾಗಿಲು ಜನರ ಕಡೆಗೆ ತಿರುಗಿಸಿ ಮೊಳೆ ಹೊಡೆದು ಕೂರಿಸಿಯಾಗಿತ್ತು.

"ಇದನ್ನು ನಮ್ಮದಕ್ಕೆ ಜೋಡಿಸೋದು ಹೇಗೆ ರಾಯರೇ?"

"ಬಂದವರಿಗೆ ಬಾಗಿಲು ಎದುರಿಗೇ ಕಾಣ್ಬೇಡ್ವಾ? ಪಕ್ಕೆ ತೋರಿಸಿ ನಿಲ್ಲಿಸುದುಂಟಾ?"

ನಿಜ ಹೇಳುತ್ತೇನೆ, ಆಗ ನನಗೂ ಭಾವನಿಗೂ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಇನ್ನು ತಪ್ಪೆಲ್ಲ ಸುರತ್ತಿನವರ ಮೊಳೆಯದು. ನಮ್ಮ ಎರಡನ್ನೂ ಅವರದರ ಪಕ್ಕದಲ್ಲೇ, ಸಂತೆಯ ಅಂಗಡಿಗಳ ಹಾಗೆ, ಸಾಲಾಗಿ ನಿಲ್ಲಿಸಿದೆವು. ರಶ್ಮಿ ಹೆಂಗಸರ ಕೋಣೆಯಲ್ಲಿ ವೇಷ ಹಾಕಿಸಿಕೊಳ್ಳುತ್ತಿದ್ದಳು. ಅವಳಿಗೆ ಹೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಸಂಜೆ ಸಭಾಂಗಣ ತುಂಬಿತು. ನಾನು ಮೈಕಿನ ಮುಂದೆ ನಿಂತು, ಹತ್ತು ವರ್ಷದ ಕೆಳಗೆ ಅಮೆರಿಕದವರೂ ರಷ್ಯನ್ನರೂ ಆಕಾಶದಲ್ಲಿ ನೌಕೆ ಜೋಡಿಸಿದ ಕಥೆ ಹೇಳಿದೆ. ಯಾರು ಚಾಚುವವರು, ಯಾರು ಹಿಡಿಸಿಕೊಳ್ಳುವವರು ಎಂಬ ಮೇಲುಕೀಳು ಬೇಡವೆಂದು ಎರಡೂ ನೌಕೆಗೆ ಒಂದೇ ತರಹದ ಜೋಡಣೆಯ ಬಳೆ ಮಾಡಿದ್ದರು ಎಂದೆ. ಚಪ್ಪಾಳೆ ಬಿತ್ತು. ರಶ್ಮಿ ಮೊದಲ ಕೋಣೆ ಹೊಕ್ಕಳು.

"ನಮಸ್ಕಾರ. ನಾನು ಅಹಮದಾಬಾದಿನಿಂದ ಬಂದೆ" ಎಂಬ ದನಿ ಸ್ಪಷ್ಟವಾಗಿ ಕೇಳಿತು. ಆಮೇಲೆ ರಟ್ಟು ತಡವುವ ಸದ್ದು. ನನ್ನ ಹೆಸರಿನ ಮೇಲೆ ಕೈಯಾಡಿಸುತ್ತ ಮಗು ಬಾಗಿಲು ಹುಡುಕುತ್ತಿತ್ತು.

"ಹೊರಗೆ ಬಂದು ಆ ಕಡೆ ಹೋಗಮ್ಮ" ಎಂದರು ಭಾವ ಮೆಲ್ಲಗೆ.

"ಹೊರಗೆ ಗಾಳಿ ಇಲ್ಲ ಪಪ್ಪಾ" ಎಂದಿತು ಒಳಗಿನ ದನಿ. "ಮಾಮಾ ಹೇಳಿದಾರೆ."

ಜನ ಗೊಳ್ಳೆಂದು ನಕ್ಕರು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಅವಳ ಮುಖ ಕಂಡಿತು. ಕೆನ್ನೆ ಉಬ್ಬಿಸಿ, ಮೂಗು ಹಿಡಿದುಕೊಂಡು, ಒಂದೇ ಓಟಕ್ಕೆ ಎರಡನೆಯ ಕೋಣೆಗೆ ಹಾರಿದಳು. "ನಮಸ್ಕಾರ, ಒಳಗೆ ಬರಲೇ?" ಮತ್ತೆ ಮೂಗು ಹಿಡಿದು ಮೂರನೆಯದಕ್ಕೆ. ಅಲ್ಲಿ ಏದುಸಿರು ಬಿಡುತ್ತ "ನಾವೆಲ್ಲ ಒಂದೇ..." ಎಂದಳು. "ಮನೆಯವರು" ಎನ್ನಲು ಉಸಿರು ಸಾಲದೆ ಅತ್ತುಬಿಟ್ಟಳು.

"ಎಂಥಾ ಆ್ಯಕ್ಟಿಂಗ್ ಮಾರಾಯ್ರೆ!" ಎಂದು ರಾಯರು ಕಣ್ಣೊರೆಸಿಕೊಂಡರು. ಚಪ್ಪಾಳೆ ನಿಲ್ಲಲೇ ಇಲ್ಲ. ನಾನು ನಾಚಿಕೆಯಿಂದ ಹಿಡಿಯಷ್ಟಾಗಿದ್ದೆ. ಭಾವನ ಮುಖ ನೋಡುವ ಧೈರ್ಯವೂ ಬರಲಿಲ್ಲ.

ಮರುದಿನ ವಾಪಸು ಬರುವಾಗ ರಶ್ಮಿ ನಮ್ಮಿಬ್ಬರ ನಡುವೆ ಕೂರದೆ ಕಿಟಕಿಯ ಪಕ್ಕ ಕೂತಳು. ಆಲ್ಕಾಪುರಿಯಲ್ಲಿ ಇಳಿದೊಡನೆ ಭಾವ ಅಡುಗೆಮನೆಯಿಂದ ಚಾಕು ತಂದರು. ಪಟ ಬಿಚ್ಚಿ ಕಣ್ಣಿಗೊತ್ತಿಕೊಂಡು, ಗೋಡೆಯನ್ನು ದುಂಡಗೆ ಕೊರೆದರು. ಆಮೇಲೆ ಚಾಕುವನ್ನು ನನ್ನ ಕೈಗೆ ಕೊಟ್ಟರು. ನನ್ನ ಹೆಸರಿನ ಸುತ್ತ ಕೊರೆದು ಚಾಕು ಅವರಿಗೆ ಹಿಂದಿರುಗಿಸಿದೆ. ರಟ್ಟು ತಾನೇ, ಅಕ್ಕ ಕಾಫಿ ಬೆರೆಸಿ ತರುವಷ್ಟರಲ್ಲಿ ಮುಗಿಯಿತು. ಅಂಗಳದಲ್ಲಿ ಎರಡನ್ನೂ ಜೋಡಿಸಿ ನೋಡಿದರೆ ಕೂದಲೆಳೆಯಷ್ಟೂ ಸಂದಿಲ್ಲ.

"ರಶ್ಮೀ, ಬಾಮ್ಮ. ಈಗ ಒಳಗಿಂದಾನೇ ಹೋಗ್ಬಹುದು" ಎಂದು ಭಾವ ಕರೆದರು.

ಅವಳು ಮೆಟ್ಟಿಲ ಮೇಲೆ ನಿಂತು ಇಬ್ಬರನ್ನೂ ನೋಡಿದಳು. "ಈಗ ಯಾಕೆ, ಪಪ್ಪಾ?" ಎಂದಳು. ಆ ಕನ್ನಡ ಎಲ್ಲೂ ತಡವರಿಸಲಿಲ್ಲ.

ಟೆಂಪೋ ಹೊರಟಾಗ ತಿರುಗಿ ನೋಡಿದೆ. ರಶ್ಮಿ ಮನೆಯೊಳಕ್ಕೆ ಹೋಗಿಬಿಟ್ಟಿದ್ದಳು. ಭಾವ ಮಾತ್ರ ತಾವು ಕೊರೆದ ಬಾಗಿಲಿನ ಮುಂದೆ ಚಾಕು ಹಿಡಿದು ನಿಂತೇ ಇದ್ದರು.