ಭಾಳ ಎರರ್

ಕೋಲ್ಕತ್ತಕ್ಕೆ ಬಂದ ಹೊಸತು. ಕಂಪ್ಯೂಟರಿನ ಮೂಲ ತಂತ್ರಾಂಶವಾದ ಕರ್ನಲ್‌ನ ಹೊಸ ಆವೃತ್ತಿ ಹಾಕಿದ ಮೇಲೆ ನಮ್ಮ ಲ್ಯಾಬಿನ ಡಿಸ್ಕ್ ಇದ್ದಕ್ಕಿದ್ದಂತೆ ಮಾಯವಾಗತೊಡಗಿತ್ತು. ಡಿಸ್ಕ್ ನಡೆಸುವ ಡ್ರೈವರನ್ನು ಕೆಡಿಸಿದ ಬದಲಾವಣೆ ಯಾವುದೆಂದು ಹಿಡಿಯಲು ಹಳೆಯದಕ್ಕೂ ಹೊಸದಕ್ಕೂ ನಡುವಿನ ಕರ್ನಲ್‌ಗಳನ್ನು ಓಡಿಸಿ ನೋಡಿ, ಪ್ರತಿಯೊಂದಕ್ಕೂ ‘ಗುಡ್’ ಇಲ್ಲವೇ ‘ಬ್ಯಾಡ್’ ಎಂದು ಗುರುತು ಹಾಕಬೇಕು. ಫ್ಯಾನುಗಳ ಗದ್ದಲದ ಸರ್ವರ್ ಕೋಣೆಯೊಳಗಿಂದ ಸಹೋದ್ಯೋಗಿ ಮಿತಾಲಿದಿ ಕೂಗಿ ಹೇಳುವುದು, ಹೊರಗೆ ಕೂತು ನಾನು ಒತ್ತುವುದು.

“ದೀದಿ, ಎರರ್?”

“ಭಾಲೋ!”

ನನ್ನ ಧಾರವಾಡದ ಕಿವಿಗೆ ಅದು ‘ಭಾಳ’, ಅಂದರೆ ‘ಬಹಳ’ ಎಂದೇ ಬಿತ್ತು. ಭಾಳ ಎರರ್! ಪ್ರತಿ ಸಲವೂ ‘ಬ್ಯಾಡ್’ ಒತ್ತಿದೆ.

ಎಲ್ಲಕ್ಕೂ ‘ಬ್ಯಾಡ್’ ಬಿದ್ದಿದ್ದರಿಂದ, ಸಂಜೆಗೆ ಎಲ್ಲಕ್ಕಿಂತ ಮೊದಲಿನ ಬದಲಾವಣೆಯೇ ಅಪರಾಧಿಯಾಗಿ ಸಿಕ್ಕಿತು. ಅದು ಮಿತಾಲಿದಿಯೇ ಮಾಡಿದ್ದ ಬದಲಾವಣೆ; ಯಂತ್ರ ಓದದೇ ಬಿಡುವ ಕಾಮೆಂಟಿನಲ್ಲಿ ಒಂದು ಸ್ಪೆಲಿಂಗ್ ತಿದ್ದಿದ್ದರು, ಅಷ್ಟೇ.

“ಸ್ಪೆಲಿಂಗ್ ತಿದ್ದಿದರೆ ಡಿಸ್ಕ್ ಸಾಯುತ್ತಾ? ಚೆನ್ನಾಗಿದೆ, ಚೆನ್ನಾಗಿದೆ ಅಂತ ಗಂಟಲು ಹರಕೊಂಡೆನಲ್ಲ, ನೀನೇನು ಒತ್ತಿದೆ?” ಎಂದು ಹಿಂದಿಯಲ್ಲಿ ಜಗಳಕ್ಕೇ ಬಂದರು. ‘ಭಾಲೋ’ ಅಂದರೆ ಬಂಗಾಳಿಯಲ್ಲಿ ಚೆನ್ನಾಗಿದೆ ಎಂದು ಆಗಲೇ ನನಗೆ ಗೊತ್ತಾಗಿದ್ದು.

ಮರುದಿನ ಬರೀ ಹೆಬ್ಬೆರಳ ಸನ್ನೆಯಲ್ಲೇ ಎಲ್ಲ ಮತ್ತೆ ಮಾಡಿದೆವು. ನಿಜವಾದ ಕಳ್ಳ ಸಿಕ್ಕ ಖುಷಿಗೆ ನನ್ನ ಬಾಯಿಂದ, “ಭಾಳ ಛಲೋ ಆತು!” ಎಂದು ಬಂದುಬಿಟ್ಟಿತು.

“ಭಾಲೋ, ಚಲೋ!” ಎಂದು, ಒಳ್ಳೆಯದು ಎಂಬ ನನ್ನ ‘ಛಲೋ’ವನ್ನು ‘ಹೊರಡೋಣ’ ಎಂದು ತಿಳಿದ ಮಿತಾಲಿದಿ ಬ್ಯಾಗ್ ಹೆಗಲಿಗೇರಿಸಿ ಮನೆಗೆ ಹೊರಟೇಬಿಟ್ಟರು. ತಪ್ಪು ತಿದ್ದುವ ಪ್ಯಾಚ್ ಕಳಿಸುವ ಕೆಲಸ ಇನ್ನೂ ಬಾಕಿಯಿತ್ತು. ಆದರೂ ಕರೆಯಲಿಲ್ಲ, ಇನ್ನೊಂದು ಮಾತಾಡಲು ನನಗೆ ಧೈರ್ಯವಿರಲಿಲ್ಲ.