ಎರಡು ಸೀಟಿನ ಕೆಂಪು ಕಾರು

ಯಮಕನಮರಡಿಯಲ್ಲಿ ನಮ್ಮ ಪಕ್ಕದ ಮನೆಯ ವೆಲ್ಡರ್ ಕಾಕಾ ಟ್ರ್ಯಾಕ್ಟರ್ ಟ್ರೇಲರ್ ರಿಪೇರಿ ಮಾಡುತ್ತಿದ್ದರು. ಬಿಡುವಾದಾಗ, ಮೇಲೆ ಚಾವಣಿ ಇಲ್ಲದ ಹಳೆಯ ವಿದೇಶಿ ಸ್ಪೋರ್ಟ್ಸ್ ಕಾರಿನ ಚಿತ್ರ ನೋಡಿ ಗುಜರಿ ತಗಡಿನಲ್ಲಿ ಅಂಥದೇ ಒಂದನ್ನು ಕಟ್ಟುತ್ತಿದ್ದರು. ಬಡಿದ ತಗಡನ್ನು ಕಣ್ಣು ಮುಚ್ಚಿ ಅಂಗೈಯಿಂದ ಸವರಿ, "ಇನ್ನಾ ಸ್ವಲ್ಪ ಐತಿ" ಎನ್ನುವರು. ಹೀಗೇ ಆರು ವರ್ಷ ಕಳೆದವು.

ಕಾರು ಮುಗಿದ ದಿನ ಹೆಂಡತಿಯನ್ನು, ಅಂದರೆ ನಮ್ಮ ಕಾಕುವನ್ನು, ಕರೆದರು. ಸೀಟು ನೆಲಕ್ಕೆ ತೀರಾ ಹತ್ತಿರವಿತ್ತು. ಕಾಕುವಿನ ಮೊಣಕಾಲು ಬಾಗಲಿಲ್ಲ.

"ನೀವ ಹೋಗಿಬರ್ರಿ, ನಾ ಇಲ್ಲೇ ನಿಂತ ನೋಡ್ತೇನಿ," ಎಂದರು ಕಾಕು.

ಕಾಕಾ ಕಾರನ್ನು ಮತ್ತೆ ಶೆಡ್ಡಿನೊಳಗೆ ತಳ್ಳಿದರು.

ಮರುವಾರ ಕಾರಿನ ಬಾಗಿಲು ಅಗಲವಾಗಿತ್ತು, ಒಂದು ಸೀಟು ಗೇಣು ಮೇಲೆದ್ದಿತ್ತು. ಕಾಕು ತಲೆಗೆ ಸೆರಗು ಹೊದ್ದು, ಮುಂದಿನ ಗಾಜಿಗಿಂತ ಎತ್ತರದಲ್ಲಿ ಕೂತಿದ್ದರು.

"ಕಾರಿನ ಚಂದ ಕೆಟ್ಟತಲ್ರಿ ಕಾಕಾ," ಎಂದೆ.

"ಇಕಿ ಕುಂತಾಳಲ್ಲ, ಇನ್ನೇನ ಬೇಕು?" ಎಂದವರೇ ನಿಡಸೋಸಿ ಕಡೆ ಹೊರಟರು.